ಬೀರುವಿನಲ್ಲಿ ಮಡಚಿಟ್ಟ ಹಾಳೆ
(ಯುವಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಅಂಗಡಿಯ ನಾಮಫಲಕದ ಬಗ್ಗೆ, ಬ್ಯಾಂಕಿನ ಚಲನ್ ಬಗ್ಗೆ ನಾವು ಎಷ್ಟೋ ಸಲ ಗಂಟಲು ಹರಿದುಕೊಂಡಿದ್ದೇವೆ. ಇವತ್ತು ನಾನು ಒಂದು ಹಾಳೆಯ ಬಗ್ಗೆ ಮಾತಾಡುತ್ತೇನೆ. ಅದು ನನ್ನ ಮನೆಗೇ ಬಂದಿದ್ದ ಹಾಳೆ.

ನಮ್ಮಪ್ಪನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಬರುವಾಗ ನಮ್ಮ ಕೈಗೆ ಸಿಕ್ಕಿದ್ದು ಮೂರು ಪುಟದ ಡಿಸ್ಚಾರ್ಜ್ ಸಮ್ಮರಿ, ಪೂರ್ತಿ ಇಂಗ್ಲಿಷಿನಲ್ಲಿ. ಹಗಲಿಡೀ ಅಪ್ಪನನ್ನು ನೋಡಿಕೊಳ್ಳುವವಳು ಅಮ್ಮ. ಅಮ್ಮನಿಗೆ ಬರುವುದು ಕನ್ನಡ ಒಂದೇ. ನನಗೆ ಇಂಗ್ಲಿಷ್ ಬರುತ್ತಿತ್ತು. ನಾನೇನು ಮಾಡಿದೆ? ಮಾತ್ರೆಗಳ ಹೆಸರು ನೋಡಿಕೊಂಡು, ಹಾಳೆ ಮಡಚಿ ಬೀರುವಿನಲ್ಲಿಟ್ಟೆ.

ಹದಿನೈದು ದಿನ ನಾನೂ ಅಮ್ಮನೂ ಅಪ್ಪನನ್ನು ಆ ಎಡಗೈ ಹಿಡಿದೇ ಎಳೆದು ಎಬ್ಬಿಸಿದೆವು. ಭುಜದ ನೋವಿಗೆ ಅಪ್ಪ ರಾತ್ರಿಯೆಲ್ಲ ನರಳುವಂತಾಯಿತು. ಆಮೇಲೆ ಹಾಳೆ ತೆಗೆದು ನೋಡಿದರೆ ಎರಡನೇ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಶಕ್ತಿ ಹೋದ ಕೈಯನ್ನು ಎಳೆಯಬಾರದು.

ಕನ್ನಡದಲ್ಲಿ ಕೊಡದೇ ಇದ್ದದ್ದು ಆಸ್ಪತ್ರೆಯ ತಪ್ಪು, ಒಪ್ಪೋಣ. ಓದಿ ಹೇಳದೇ ಇದ್ದದ್ದು ಯಾರ ತಪ್ಪು? ಬೀದಿಯಲ್ಲಿ ಕನ್ನಡ ಕನ್ನಡ ಎಂದು ಕೂಗಿದ ನಾನು, ಹೆತ್ತ ತಾಯಿಗೆ ಒಂದು ಸಾಲು ಕನ್ನಡ ಮಾಡಿ ಹೇಳಲಿಲ್ಲ!

ಆಗ ನನಗೆ ಗೊತ್ತಿಲ್ಲದೇ ಇದ್ದದ್ದನ್ನು ಈಗ ನಿಮಗೆ ಹೇಳುತ್ತೇನೆ. ಲಕ್ವ ಕೈಕಾಲಿನ ರೋಗವಲ್ಲ, ಮೆದುಳಿನದು. ಮೆದುಳಿನ ರಕ್ತನಾಳ ಕಟ್ಟಿಕೊಳ್ಳುತ್ತದೆ, ಇಲ್ಲವೇ ಒಡೆಯುತ್ತದೆ. ಉಳಿದ ಮೆದುಳು ಹೊಸದಾಗಿ ಕಲಿಯಬೇಕು. ಮಾಡಿ ಮಾಡಿಯೇ ಅದು ಕಲಿಯುವುದು. ಆದ್ದರಿಂದ ಪ್ರೀತಿಯ ಹೆಸರಿನಲ್ಲಿ ಎಲ್ಲವನ್ನೂ ನೀವೇ ಮಾಡಿಕೊಡಬೇಡಿ. ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಬೇಕಾದರೆ ಹತ್ತು ನಿಮಿಷ ಕಾಯಿರಿ. ಅಂಗಿ ತೊಡಿಸುವಾಗ ಸೋತ ಕೈ ಮೊದಲು, ಬಿಚ್ಚುವಾಗ ಗಟ್ಟಿ ಕೈ ಮೊದಲು. ಹಾಸಿಗೆಯಿಂದ ಕುರ್ಚಿಗೆ ಕೂರಿಸುವಾಗ ಕುರ್ಚಿ ಗಟ್ಟಿ ಪಕ್ಕಕ್ಕಿರಲಿ. ನಡೆಸುವಾಗ ನೀವು ಸೋತ ಪಕ್ಕದಲ್ಲಿ ನಿಲ್ಲಿ. ಮಲಗಿದ್ದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಇಲ್ಲವಾದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ.

ಊಟದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನುಂಗುವ ಶಕ್ತಿ ಕುಂದಿದವರಿಗೆ ತೆಳ್ಳಗಿನ ನೀರೇ ಅಪಾಯ, ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಹುದು. ಏನು ಎಷ್ಟು ಗಟ್ಟಿ ಇರಬೇಕೆಂದು ಮನೆಗೆ ಹೊರಡುವ ಮೊದಲೇ ಕೇಳಿ. ನೆಟ್ಟಗೆ ಕೂರಿಸಿ ಸಣ್ಣ ತುತ್ತು ಕೊಡಿ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಕೆಮ್ಮು ಬಂದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ.

ಮಾತು ಹೋದವರ ಮುಂದೆ "ಇವರಿಗೆ ಏನೂ ತಿಳಿಯಲ್ಲ" ಎನ್ನಬೇಡಿ. ಪದ ಕಳೆದುಹೋದರೆ ಬುದ್ಧಿ ಕಳೆದುಹೋಯಿತು ಎಂದಲ್ಲ. ಚಿಕ್ಕ ವಾಕ್ಯದಲ್ಲಿ, ಅವರು ಬದುಕಿ ಬಂದ ಭಾಷೆಯಲ್ಲಿ ಮಾತಾಡಿ. ಹೌದು, ಇಲ್ಲ ಎಂದು ತಲೆಯಾಡಿಸಿದರೂ ಅದು ಮಾತೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಹೋಗಿ ಕೇಳಿ.

ಒಂದು ಕಹಿ ಸತ್ಯವನ್ನೂ ಹೇಳಬೇಕು. ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನು ಸೇರಿಸಿ 'ಅಟೆಂಡ್' ಎಂಬ ಅಧ್ಯಯನ ನಡೆಯಿತು. ಒಂದು ಗುಂಪಿನಲ್ಲಿ ಮನೆಯವರಿಗೇ ಆರೈಕೆ ಮತ್ತು ವ್ಯಾಯಾಮ ಕಲಿಸಿದರು. 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಆರು ತಿಂಗಳ ನಂತರ ತೀರಿಕೊಂಡವರು ಮತ್ತು ಪರಾವಲಂಬಿಗಳಾಗಿ ಉಳಿದವರು ಎರಡೂ ಗುಂಪಿನಲ್ಲಿ ನೂರಕ್ಕೆ 47! ಅಂದರೆ ಕಲಿಸುವುದು ದಂಡವೇ? ಅಲ್ಲ. ಎಳೆಯಬಾರದ ಕೈಯನ್ನು ಎಳೆಯದಿರಲು ಕಲಿಯಲೇಬೇಕು. ಆದರೆ "ಮನೆಯವರಿಗೆ ಹೇಳಿಕೊಟ್ಟಿದ್ದೇವೆ, ಇನ್ನು ನಮ್ಮ ಜವಾಬ್ದಾರಿ ಮುಗಿಯಿತು" ಎಂದು ಯಾರೂ ಕೈ ತೊಳೆದುಕೊಳ್ಳುವಂತಿಲ್ಲ. ಫಿಸಿಯೋಥೆರಪಿಸ್ಟ್ ಮಾಡಬೇಕಾದ ಕೆಲಸವನ್ನು ಅಮ್ಮನೊಬ್ಬಳ ಹೆಗಲಿಗೆ ಹಾಕಿದರೆ ಮನೆಯಲ್ಲಿ ರೋಗಿಗಳು ಇಬ್ಬರಾಗುತ್ತಾರೆ. ಅವಳ ನಿದ್ದೆ, ಅವಳ ಬಿಪಿ ನೋಡುವವರು ಯಾರು? ವಾರಕ್ಕೆ ಎರಡು ರಾತ್ರಿಯಾದರೂ ನೀವು ಎದ್ದಿರಿ. ಅಕ್ಕತಂಗಿಯರ ಮೇಲೆ ಹಾಕಿ ಜಾರಿಕೊಳ್ಳುವ ಗಂಡುಮಕ್ಕಳಿಗೂ ಈ ಮಾತು ಸೇರಿತು.

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ವೈದ್ಯರು ಔಷಧಿ ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಆರೋಗ್ಯ ಸಚಿವರನ್ನು ಕೇಳಿದರು. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತೇನೆ. ಮಾತ್ರೆಯ ಹೆಸರು ಯಾವ ಲಿಪಿಯಲ್ಲಾದರೂ ಇರಲಿ, ಅಂಗಡಿಯವನು ಓದಿಕೊಳ್ಳುತ್ತಾನೆ. ಆದರೆ ಎತ್ತುವುದು, ಉಣಿಸುವುದು, ಮಗ್ಗುಲು ಬದಲಿಸುವುದು, ಇವು ಕನ್ನಡದಲ್ಲೇ ಬರಬೇಕು. ಬರೆದು ಕೊಟ್ಟರೆ ಸಾಲದು, ನರ್ಸು ಮುಂದೆ ನಿಂತು ತೋರಿಸಿ, ಮನೆಯವರಿಂದ ಒಮ್ಮೆ ಮಾಡಿಸಿ ನೋಡಿಯೇ ಕಳಿಸಬೇಕು. ಇದು ಭಿಕ್ಷೆಯಲ್ಲ, ನಮ್ಮ ಹಕ್ಕು.

ಅಲ್ಲಿಯವರೆಗೆ? ನಿಮ್ಮ ಬೀದಿಯಲ್ಲಿ ಲಕ್ವ ಹೊಡೆದವರ ಮನೆ ಒಂದಾದರೂ ಇದ್ದೀತು. ಹೋಗಿ. ಹಾಳೆ ಕೇಳಿ ಓದಿ. ತಿಳಿಯದ್ದನ್ನು ಊಹಿಸಬೇಡಿ, ವೈದ್ಯರನ್ನು ಕೇಳಿ. ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಹಾಸಿಗೆಯ ಎದುರು ಗೋಡೆಗೆ ಅಂಟಿಸಿ. ಬಿಪಿ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು ಎಂಬುದು ಅದರ ಮೊದಲ ಸಾಲಾಗಲಿ. ಕೊನೆಯ ಸಾಲು ಇದು: ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಆ ಗಳಿಗೆಯೇ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಸಮಯ ನಾಲ್ಕೂವರೆ ಗಂಟೆ.

ನಮ್ಮ ಮನೆಯ ಗೋಡೆಯ ಮೇಲೂ ಅಂಥದ್ದೊಂದು ಹಾಳೆ ಇದೆ. ತಡವಾಗಿ ಬರೆದದ್ದು. ಅಪ್ಪನ ಎಡಗೈ ಈಗಲೂ ಭುಜದ ಮಟ್ಟಕ್ಕೆ ಏಳುವುದಿಲ್ಲ. ನೀವು ತಡ ಮಾಡಬೇಡಿ.