ಸಿಂಕ್ ಕೊಳ್ಳುವ ಮುನ್ನ

ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಣ್ಣುಮಗಳು ಅದನ್ನು ಬೆರಳ ಗೆಣ್ಣಿನಿಂದ ಬಡಿದು ನೋಡದೆ ದುಡ್ಡು ಕೊಡುವುದಿಲ್ಲ. ಅಥಣಿಯಲ್ಲಿ ಚಪ್ಪಲಿ ಕೊಳ್ಳುವ ರೈತನು ಅಟ್ಟೆ ಬಾಗಿಸಿ, ಹೊಲಿಗೆ ಎಳೆದು ನೋಡುತ್ತಾನೆ. ಆದರೆ ಅದೇ ಮನೆಯವರು ಸಾವಿರಾರು ರೂಪಾಯಿಯ ಸ್ಟೀಲಿನ ಸಿಂಕನ್ನು ಮಾತ್ರ ಬರಿಯ ಹೊಳಪು ನೋಡಿ ತಂದುಬಿಡುತ್ತಾರೆ. ಗಡಿಗೆ ಒಡೆದರೆ ಇನ್ನೊಂದು ತರಬಹುದು. ಸಿಂಕಿನ ಮಾತು ಹಾಗಲ್ಲ. ಗೌಂಡಿಯು ಅದನ್ನು ಕಟ್ಟೆಯಲ್ಲಿ ಕೂಡ್ರಿಸಿ ಸಿಮೆಂಟು ಮೆತ್ತಿದ ಮೇಲೆ ದೋಷ ಕಂಡರೆ ಕಟ್ಟೆಯನ್ನೇ ಒಡೆಯಬೇಕಾಗುತ್ತದೆ. ಆದುದರಿಂದ ಪರೀಕ್ಷೆ ಅಂಗಡಿಯಲ್ಲಿಯೇ ಆಗಬೇಕು.

ಮೊದಲು ಸಿಂಕನ್ನು ಸಮನಾದ ನೆಲದ ಮೇಲೆ ಬೋರಲು ಹಾಕಿರಿ. ಒಂದು ಮೂಲೆ ಎದ್ದು ಅಲುಗಾಡಿದರೆ ಅಂಚು ತಿರುಚಿದೆಯೆಂದು ತಿಳಿಯಿರಿ; ಅಂಥದು ಕಟ್ಟೆಗೆ ಸರಿಯಾಗಿ ಕೂಡುವುದಿಲ್ಲ, ಸಂದಿನಲ್ಲಿ ನೀರು ಇಳಿಯುತ್ತದೆ. ಬಳಿಕ ಪ್ಲಾಸ್ಟಿಕ್ ಹೊದಿಕೆ ತೆಗೆಯಿಸಿ, ಹಗಲ ಬೆಳಕಿನಲ್ಲಿ ಓರೆಯಾಗಿ ನೋಡಿರಿ. ತಗ್ಗು, ಗೀರು ಕಾಣುತ್ತವೆ. ಬೆಸುಗೆಯಿದ್ದಲ್ಲಿ ಹಿಂದಿನಿಂದ ಬ್ಯಾಟರಿ ಹಿಡಿದರೆ ಸೂಜಿಮೊನೆಯಷ್ಟು ತೂತೂ ಮಿಣುಕುತ್ತದೆ. ಸಿಂಕನ್ನು ಸಮನಾಗಿ ಇಟ್ಟು ಒಂದು ತಂಬಿಗೆ ನೀರು ಸುರಿಯಿರಿ. ನೀರೆಲ್ಲ ತೂತಿನತ್ತ ಹರಿಯಬೇಕು. ಮೂಲೆಯಲ್ಲಿ ನಿಂತರೆ ಇಳಿಜಾರು ಸರಿಯಿಲ್ಲ.

ತಗಡಿನ ದಪ್ಪವನ್ನು ಗೇಜಿನಲ್ಲಿ ಹೇಳುವುದುಂಟು. ಗೇಜಿನ ಅಂಕಿ ಹೆಚ್ಚಿದಂತೆ ತಗಡು ತೆಳುವಾಗುತ್ತದೆ. 22ಕ್ಕಿಂತ 18 ಗಟ್ಟಿ. ಗೊಂದಲ ಬೇಡವೆಂದರೆ ಮಿಲಿಮೀಟರಿನಲ್ಲಿ ಕೇಳಿರಿ. ತಳವನ್ನು ಹೆಬ್ಬೆರಳಿನಿಂದ ಒತ್ತಿದಾಗ ಡಬ್ಬಿಯ ಮುಚ್ಚಳದಂತೆ ಕುಸಿಯಬಾರದು.

ಅಯಸ್ಕಾಂತ ಹಿಡಿಯದಿದ್ದರೆ ಉತ್ತಮ ಸ್ಟೀಲು ಎಂಬ ನಂಬಿಕೆ ಅರ್ಧಸತ್ಯ. ಗಟ್ಟಿಯಾಗಿ ಅಂಟಿಕೊಂಡರೆ ಅದು 304 ದರ್ಜೆಯದಲ್ಲ, ನಿಜ. ಆದರೆ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹೆಚ್ಚಿಸಿದ ಅಗ್ಗದ 202 ದರ್ಜೆಗೂ ಅಯಸ್ಕಾಂತ ಅಂಟುವುದಿಲ್ಲ. ಶೇಕಡಾ 18ರಷ್ಟು ಕ್ರೋಮಿಯಂ, 8ರಷ್ಟು ನಿಕ್ಕಲ್ ಇರುವುದು 304. ದರ್ಜೆಯ ಮುದ್ರೆಯನ್ನೂ, ಐ. ಎಸ್. 13983ರ ಗುರುತನ್ನೂ ನೋಡಿ, ದರ್ಜೆಯನ್ನು ಪಾವತಿಯಲ್ಲಿ ಬರೆಯಿಸಿಕೊಳ್ಳಿರಿ.

ನಮ್ಮ ಭಾಗದಲ್ಲಿ ಇದಕ್ಕೆ ಹೆಚ್ಚಿನ ಮಹತ್ವವಿದೆ. ಕಾಗವಾಡ, ಅಥಣಿ, ರಾಯಬಾಗದ ಕೃಷ್ಣಾ ದಂಡೆಯಲ್ಲಿ ನೆಲ ಸವುಳಾದ ಊರುಗಳುಂಟು. ಅಂಥಲ್ಲಿ ಬಾವಿ, ಬೋರಿನ ನೀರಿಗೂ ಉಪ್ಪು ಸೇರುತ್ತದೆ. ಉಪ್ಪುನೀರು ಸ್ಟೀಲನ್ನು ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ. ಕಡಿಮೆ ದರ್ಜೆಯದನ್ನು ಬೇಗ, 304ನ್ನು ತಡವಾಗಿ. ಯಾವ ದರ್ಜೆಯದಾದರೂ ರಾತ್ರಿ ಒರೆಸಿ ಒಣಗಿಸುವುದು ಲೇಸು. ಒದ್ದೆ ಕಬ್ಬಿಣದ ಹಂಚನ್ನು ಅದರಲ್ಲಿ ಬಿಡಬಾರದು.

ಕೊನೆಯದಾಗಿ ಇನ್ನೊಂದು ಮಾತು. ಚಿಕ್ಕೋಡಿ, ನಿಪ್ಪಾಣಿಯ ಪೇಟೆಗೆ ಹೋಗಿ ಸಿಂಕು ಆರಿಸುವವರು ಬಹುಮಟ್ಟಿಗೆ ಗಂಡಸರು. ದಿನಕ್ಕೆರಡು ಹೊತ್ತು ಅದರ ಮುಂದೆ ನಿಂತು ಮುಸುರಿ ತಿಕ್ಕುವವರು ಹೆಂಗಸರು. ಸಿಂಕು ಅತಿ ಆಳವಾದರೆ ಬೆನ್ನು ಬಗ್ಗಬೇಕು, ಆಳ ಸಾಲದಿದ್ದರೆ ಸೀರೆ ತೊಯ್ಯುತ್ತದೆ. ಈ ದೋಷವು ಬ್ಯಾಟರಿಯ ಬೆಳಕಿಗೂ ಕಾಣದು, ಅಯಸ್ಕಾಂತಕ್ಕೂ ಸಿಗದು. ಮನೆಯಾಕೆಯನ್ನು ಅಂಗಡಿಗೆ ಕರೆದೊಯ್ದು, ಸಿಂಕನ್ನು ಕಟ್ಟೆಯೆತ್ತರಕ್ಕೆ ಹಿಡಿಸಿ, ಆಕೆಯ ಕೈ ತಳ ಮುಟ್ಟುವ ಬಗೆಯನ್ನು ನೋಡಿರಿ. ದುಡ್ಡು ಎಣಿಸುವುದು ಆಮೇಲೆ.