ಹಳೆಯ ಟಿವಿ ಪಾಠ, ಹೊಸ ಪ್ರಯೋಗಾಲಯ

(ಸಿಂಧನೂರಿನಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗದ ಉಪನ್ಯಾಸಕರೊಬ್ಬರು ಮಾಡಿದ ಭಾಷಣ. ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಪಾಲಕರ ಕೋರಿಕೆಯಂತೆ ಇಲ್ಲಿ ಮುದ್ರಿಸಲಾಗಿದೆ.)

 

ಅರ್ಜಿ ಕೊಡುವ ದಿನ ಲಿಂಗಸುಗೂರು ಕಡೆಯ ತಂದೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಮಗಳು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾಳೆ. ಅವರು ಕೇಳಿದ್ದು ಇಷ್ಟೆ: “ಸರ್ರ, ಈಗ ಟಿವಿ ಯಾರು ನೋಡ್ತಾರ್ರೀ? ಎಲ್ಲಾ ಮೊಬೈಲ್ದಾಗ ಐತಿ. ಈ ಟಿವಿ ಪಾಠ ಕಲ್ತು ನನ್ನ ಮಗಳು ಏನ್ ಮಾಡ್ಬೇಕು?” ಆ ದಿನ ನಾನು ಏನೋ ಹೇಳಿ ಜಾರಿಕೊಂಡೆ. ಅವರು ಇಂದು ಇಲ್ಲೇ ಕುಳಿತಿದ್ದಾರೆ. ನನಗೆ ಕೊಟ್ಟಿರುವ ಸಮಯವನ್ನು ಅವರಿಗೆ ಉತ್ತರ ಕೊಡಲು ಬಳಸುತ್ತೇನೆ.

ಮೊದಲು ಒಂದು ಹಳೆಯ ಸಂಗತಿ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಆದರೆ ನಮ್ಮ ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಅದಕ್ಕೂ ಆರು ವರ್ಷ ಮೊದಲೇ ಟಿವಿ ಬಂದಿತ್ತು! 1975ರ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೋ ಸಂಸ್ಥೆ ‘ಸೈಟ್’ ಎಂಬ ಪ್ರಯೋಗ ನಡೆಸಿತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮ. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳನ್ನು. ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಡಿಶ್, ಅದರ ಕೆಳಗೆ ಊರಿಗೆಲ್ಲ ಒಂದೇ ಟಿವಿ. ಒಂದು ಚಿತ್ರದ ಜೊತೆ ಎರಡು ಭಾಷೆಯ ಧ್ವನಿ ಕಳಿಸುವ ವ್ಯವಸ್ಥೆಯೂ ಅದರಲ್ಲಿತ್ತು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಕಲಬುರಗಿಯಲ್ಲಿ ಪ್ರಸಾರ ಗೋಪುರ ಎದ್ದಿತು. ಹಿಂದುಳಿದ ಜಿಲ್ಲೆ ಎಂದು ನಮ್ಮನ್ನು ಕರೆಯುವವರಿಗೆ ಇದನ್ನು ಹೇಳುವುದು ನನಗೆ ಒಂದು ಖುಷಿ.

ಆ ಕಾಲದ ಟಿವಿಯನ್ನೇ ನಾವು ಕಾಲೇಜುಗಳಲ್ಲಿ ಪಾಠ ಮಾಡಿದೆವು. ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ, ಬಣ್ಣಕ್ಕೆ ಪಾಲ್ ಪದ್ಧತಿ. ಪಿಕ್ಚರ್ ಟ್ಯೂಬಿಗೆ ಇಪ್ಪತ್ತೈದು ಸಾವಿರ ವೋಲ್ಟ್ ಹೇಗೆ ಹುಟ್ಟುತ್ತದೆ, ಗೆರೆ ಓರೆಯಾದರೆ ಯಾವ ಹಂತದಲ್ಲಿ ದೋಷ, ಚಿತ್ರ ಇದ್ದು ಧ್ವನಿ ಇಲ್ಲದಿದ್ದರೆ ಎಲ್ಲಿ ಹುಡುಕಬೇಕು. ಅದು ಒಳ್ಳೆಯ ಪಾಠವೇ. ಈ ಸಭೆಯಲ್ಲಿರುವ ಕೆಲವು ದಾನಿಗಳು ಅದೇ ವಿದ್ಯೆಯಿಂದ ಟಿವಿ ಅಂಗಡಿ ಇಟ್ಟು, ಮನೆ ಕಟ್ಟಿ, ಮಕ್ಕಳನ್ನು ಓದಿಸಿದವರು.

ಆಮೇಲೆ ನೆಲ ಸರಿಯಿತು. 2004ರಲ್ಲಿ ದೂರದರ್ಶನದ ಉಚಿತ ಡಿಶ್ ಸೇವೆ ಬಂತು. ಕೇಬಲ್‌ನವರು ಸೆಟ್‌ಟಾಪ್ ಬಾಕ್ಸ್ ಹಾಕಲೇಬೇಕು ಎಂದು ಕಾನೂನಾಯಿತು. ಪಟ್ಟಣಗಳಿಗೆ 2015ರ ಡಿಸೆಂಬರ್, ಹಳ್ಳಿಗಳಿಗೆ 2016ರ ಡಿಸೆಂಬರ್ ಗಡುವು ಕೊಟ್ಟು, ಅದನ್ನು ಇನ್ನೂ ಸ್ವಲ್ಪ ಮುಂದೂಡಿದರು. 2021-22ರ ಹೊತ್ತಿಗೆ ದೂರದರ್ಶನ ತನ್ನ ಹಳೆಯ ಅನಲಾಗ್ ಗೋಪುರಗಳ ಪ್ರಸಾರವನ್ನು ಬಹುತೇಕ ನಿಲ್ಲಿಸಿತು. ಸ್ಟುಡಿಯೋ ಒಳಗೂ ಬದಲಾವಣೆ. ದಪ್ಪ ಕೇಬಲ್‌ಗಳ ಜಾಗಕ್ಕೆ ಕಂಪ್ಯೂಟರ್ ನೆಟ್‌ವರ್ಕ್ ಬಂತು. ಅದಕ್ಕೆಂದೇ 2017ರಲ್ಲಿ ‘2110’ ಎಂಬ ಅಂತರರಾಷ್ಟ್ರೀಯ ಮಾನದಂಡ ಪ್ರಕಟವಾಯಿತು.

ಇಷ್ಟೆಲ್ಲ ಆಗುವಾಗ ನಾನು ಏನು ಮಾಡುತ್ತಿದ್ದೆ? ಪ್ರಯೋಗಾಲಯದಲ್ಲಿ ಪಿಕ್ಚರ್ ಟ್ಯೂಬಿನ ಕಿಟ್ ಮುಂದೆ ನಿಂತು ಅದೇ ಅಲೆಗಳನ್ನು ತೋರಿಸುತ್ತಿದ್ದೆ. ಕಿಟ್ ಇತ್ತು, ಕೈ ಪಳಗಿತ್ತು, ಪರೀಕ್ಷೆಯಲ್ಲಿ ಅಂಕವೂ ಬರುತ್ತಿತ್ತು. ಮಸ್ಕಿ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಒಳ್ಳೆಯ ಅಂಕ ಪಡೆದು ಬೆಂಗಳೂರಿನ ಒಂದು ಕಂಪನಿಗೆ ಸಂದರ್ಶನಕ್ಕೆ ಹೋದಳು. ಅಲ್ಲಿ ಒಂದು ನೆಟ್‌ವರ್ಕ್ ಸ್ವಿಚ್ ತೋರಿಸಿ, “ಈ ಪೋರ್ಟಿನಲ್ಲಿ ವಿಡಿಯೋ ಬರುತ್ತಿದೆಯೋ ಇಲ್ಲವೋ ಹೇಗೆ ನೋಡುತ್ತೀಯಮ್ಮ?” ಎಂದರಂತೆ. ಅವಳು ಆಸಿಲೋಸ್ಕೋಪ್ ಹಚ್ಚುತ್ತೇನೆ ಎಂದಳು. ನಾನು ಕಲಿಸಿದ್ದು ಅದನ್ನೇ. ರಾತ್ರಿ ಬಸ್ಸಿನಲ್ಲಿ ವಾಪಸ್ ಬಂದು ಮರುದಿನ ನನ್ನ ಮುಂದೆ ನಿಂತಾಗ ಅವಳು ಒಂದೂ ದೂರು ಹೇಳಲಿಲ್ಲ. “ಸರ್, ಅದು ನಮ್ಮ ಸಿಲೆಬಸ್‌ನಾಗ ಇರಲಿಲ್ಲ” ಅಂದಳು. ಅವಳ ಎರಡು ವರ್ಷದ ಶುಲ್ಕ ಕಟ್ಟಿದ್ದು ಇದೇ ರೀತಿಯ ದಾನದ ಹಣ. ಹಣ ಕೊಟ್ಟವರ ತಪ್ಪಿಲ್ಲ, ಓದಿದವಳ ತಪ್ಪಿಲ್ಲ. ಉಳಿದವನು ನಾನು.

ಹಾಗಾದರೆ ಹಳೆಯದನ್ನೆಲ್ಲ ಕಿತ್ತು ಎಸೆಯಬೇಕೇ? ಬೇಡ. ಬೆಳಕು ವಿದ್ಯುತ್ ಆಗುವುದು ಹೇಗೆ, ಕಣ್ಣು ಬಣ್ಣವನ್ನು ಎಷ್ಟು ಸೂಕ್ಷ್ಮವಾಗಿ ಗುರುತಿಸುತ್ತದೆ, ದೋಷವನ್ನು ಒಂದೊಂದೇ ಹಂತ ಹಿಡಿದು ಹುಡುಕುವುದು ಹೇಗೆ ಎಂಬುದು ಇಂದಿಗೂ ಅದೇ. ಎಂಪೆಗ್ ಮಾದರಿಯಲ್ಲಿ ಚಿತ್ರವನ್ನು ಕುಗ್ಗಿಸುವಾಗ ಬಣ್ಣದ ವಿವರವನ್ನು ಕಡಿಮೆ ಮಾಡುತ್ತಾರೆ. ಪಾಲ್ ಪದ್ಧತಿಯಲ್ಲೂ ಬಣ್ಣಕ್ಕೆ ಕಡಿಮೆ ಜಾಗವನ್ನೇ ಕೊಟ್ಟಿದ್ದರು. ಕಾರಣ ಎರಡಕ್ಕೂ ಒಂದೇ: ನಮ್ಮ ಕಣ್ಣು. ಇದನ್ನು ಬಲ್ಲವನಿಗೆ ಹೊಸದು ಪರಕೀಯವಲ್ಲ.

ಹೊಸದಾಗಿ ಸೇರಬೇಕಾದದ್ದು ಮುಖ್ಯವಾಗಿ ಎರಡು. ಒಂದು, ನೆಟ್‌ವರ್ಕ್. ಕುಗ್ಗಿಸದ ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ ಸುಮಾರು ಒಂದೂವರೆ ಗಿಗಾಬಿಟ್ ದಾರಿ ಬೇಕು. ಮನೆಯ ವೈಫೈ ಮಟ್ಟದ ತಿಳಿವಳಿಕೆ ಇದಕ್ಕೆ ಸಾಲದು. ಎರಡು, ಸಮಯ. ಹೊಸ ಸ್ಟುಡಿಯೋದಲ್ಲಿ ಚಿತ್ರ ಒಂದು ದಾರಿಯಲ್ಲಿ, ಧ್ವನಿ ಇನ್ನೊಂದು ದಾರಿಯಲ್ಲಿ ಬಂದು ಕೊನೆಗೆ ಜೊತೆಯಾಗಬೇಕು. ರಂಜಾನ್‌ನಲ್ಲಿ ಓಣಿಯ ಒಂದೊಂದು ಮನೆಯ ಗಡಿಯಾರ ಒಂದೊಂದು ಹೊತ್ತು ತೋರಿಸಿದರೆ ಇಫ್ತಾರ್ ಹೇಗಾದೀತು? ಸ್ಟುಡಿಯೋದಲ್ಲಿ ಎರಡು ನಿಮಿಷವಲ್ಲ, ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಷ್ಟೂ ವ್ಯತ್ಯಾಸ ಬರಬಾರದು. ಎಲ್ಲ ಯಂತ್ರಗಳನ್ನೂ ಒಂದೇ ಗಡಿಯಾರಕ್ಕೆ ಕಟ್ಟುವ ಪಿಟಿಪಿ ಎಂಬ ವಿಧಾನವಿದೆ. ಅದನ್ನು ಕೈಯಾರೆ ಮಾಡಿ ನೋಡಿದ ಮಕ್ಕಳು ನಮ್ಮಲ್ಲಿ ತೀರ ಕಡಿಮೆ.

ಪಠ್ಯಕ್ರಮ ಮತ್ತು ಪರೀಕ್ಷೆ ರಾಜ್ಯ ಮಟ್ಟದಲ್ಲಿ ನಿಗದಿಯಾಗುತ್ತವೆ. ಒಬ್ಬ ಉಪನ್ಯಾಸಕ ಅದನ್ನು ತಿದ್ದಲಾರ. ಆದರೆ 2020ರ ಪಠ್ಯಕ್ರಮ ಕೊನೆಯ ವರ್ಷದಲ್ಲಿ ಉದ್ಯಮ ತರಬೇತಿಗೆ, ಪ್ರಾಜೆಕ್ಟಿಗೆ ದೊಡ್ಡ ಜಾಗ ಬಿಟ್ಟಿತು. ಆ ಜಾಗ ನಮ್ಮ ಕೈಯಲ್ಲಿದೆ. ಬಹಳ ಕಡೆ ಅದನ್ನು ಅಂಗಡಿಯಿಂದ ತಂದ ರೆಡಿಮೇಡ್ ಪ್ರಾಜೆಕ್ಟ್ ತಿಂದುಹಾಕುತ್ತದೆ. ಈ ಮಾತು ಕೆಲವರಿಗೆ ಚುಚ್ಚಬಹುದು, ಚುಚ್ಚಲಿ.

ನಾವು ಮೊದಲು ಮಾಡಿದ ಪ್ರಯೋಗ ಹೇಳುತ್ತೇನೆ. ಮಾಳಿಗೆಯ ಮೇಲೆ ಒಂದು ಸಾಮಾನ್ಯ ಡಿಶ್ ಇಟ್ಟೆವು. ಡಿಡಿ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ. ಸೆಟ್‌ಟಾಪ್ ಬಾಕ್ಸಿನ ಬದಲು ಅದರ ವೈರನ್ನು ಕಂಪ್ಯೂಟರಿನ ಒಂದು ಕಾರ್ಡಿಗೆ ಕೊಟ್ಟೆವು. ಉಪಗ್ರಹದಿಂದ ಬರುವುದು ಚಿತ್ರವಲ್ಲ, 188 ಬೈಟುಗಳ ಪ್ಯಾಕೆಟ್‌ಗಳ ಸಾಲು. ಎತ್ತಿನ ಕೊರಳ ಗಂಟೆಯ ಹಾಗೆ ಪ್ರತಿ ಪ್ಯಾಕೆಟ್ಟೂ ಒಂದೇ ಗುರುತಿನಿಂದ ಶುರುವಾಗುತ್ತದೆ, ಆಮೇಲೆ ಅದರೊಳಗೆ ಯಾವ ಚಾನೆಲ್‌ನ ಏನಿದೆ ಎಂಬ ಸಂಖ್ಯೆ. ಉಚಿತ ಸಾಫ್ಟ್‌ವೇರ್‌ನಿಂದ ಮಕ್ಕಳು ಆ ಸಂಖ್ಯೆ ಹಿಡಿದು ಚಂದನ ವಾಹಿನಿಯ ಚಿತ್ರವನ್ನು ಬೇರೆ, ಧ್ವನಿಯನ್ನು ಬೇರೆ ಮಾಡಿದರು. ಬೇಕೆಂದೇ ಧ್ವನಿಯ ಪ್ಯಾಕೆಟ್ ಕಿತ್ತು ಹಾಕಿ, ಯಾರು ಮೊದಲು ಪತ್ತೆ ಹಚ್ಚುತ್ತಾರೆ ಎಂದು ಪಂದ್ಯ ಕಟ್ಟಿದರು! ಒಂದು ಚಿತ್ರಕ್ಕೆ ಎರಡು ಧ್ವನಿ ಎಂದೆನಲ್ಲ, 1975ರ ಆ ಉಪಾಯವನ್ನು ಅವತ್ತು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಗಂಟೆ ಹೊಡೆದರೂ ಯಾರೂ ಎದ್ದು ಹೋಗಲಿಲ್ಲ.

ಈಗ ಕೆಲಸದ ಮಾತು, ಏಕೆಂದರೆ ಆ ತಂದೆ ಕೇಳಿದ್ದು ಅದನ್ನೇ. ಟಿವಿ ಚಾನೆಲ್‌ಗಳಲ್ಲಿ ಎಂಜಿನಿಯರಿಂಗ್ ಹುದ್ದೆಗಳು ಹೆಚ್ಚಿಲ್ಲ, ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಆದರೆ ಇದೇ ಕೈಗಳು ಊರಿನ ಸಿಸಿಟಿವಿ ಕ್ಯಾಮೆರಾ, ಫೈಬರ್ ಇಂಟರ್ನೆಟ್, ಮದುವೆಯ ನೇರಪ್ರಸಾರ ಎಲ್ಲವನ್ನೂ ನಡೆಸಬಲ್ಲವು. ನಮ್ಮ ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಕಪ್ಪು ಕಾಳು ಹೊರಗೆ ಹಾಕುವ ‘ಸಾರ್ಟೆಕ್ಸ್’ ಯಂತ್ರ ನೋಡಿದ್ದೀರಿ. ಅದರೊಳಗೆ ಇರುವುದೂ ಕ್ಯಾಮೆರಾನೇ. ಅದು ಕಾಳಿನ ಬಣ್ಣ ನೋಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಗಾಳಿ ಊದಿ ಕಾಳನ್ನು ಹಾರಿಸುತ್ತದೆ. ಸೀಸನ್‌ನಲ್ಲಿ ಅದು ಕೆಟ್ಟರೆ ದೂರದ ಊರಿನಿಂದ ತಂತ್ರಜ್ಞ ಬರುವ ತನಕ ಮಾಲೀಕರು ಕಾಯುತ್ತಾರೆ. ಮೊಬೈಲಿಗೆ ಇಂಟರ್ನೆಟ್ ಇಲ್ಲದೆ ನೇರವಾಗಿ ಟಿವಿ ಕಳಿಸುವ ಡಿ2ಎಂ ಪ್ರಯೋಗ ಬೆಂಗಳೂರಿನಲ್ಲೂ ನಡೆದಿದೆ. ಅದು ಊರಿಗೆ ಬಂದರೆ ಗೋಪುರ ನೋಡಿಕೊಳ್ಳುವವರು ಮತ್ತೆ ಬೇಕು. ಬರುತ್ತದೆಂದು ನಾನು ಆಣೆ ಮಾಡಲಾರೆ.

ಕ್ಯಾಮೆರಾ, ಧ್ವನಿ ಇವುಗಳತ್ತಲೇ ಒಲವಿರುವ ಮಕ್ಕಳು ಹೆಸರಘಟ್ಟದ ಸರ್ಕಾರಿ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ ಕಡೆಗೂ ನೋಡಲಿ. ಅದರ ಬೇರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿದೆ. ಫಾಲ್ಕೆ ಪ್ರಶಸ್ತಿ ಪಡೆದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಕಲಿತದ್ದು ಆ ಪಾಲಿಟೆಕ್ನಿಕ್‌ನಲ್ಲೇ.

ಕೊನೆಗೆ ದಾನಿಗಳಲ್ಲಿ ಒಂದು ಕೋರಿಕೆ. ಶುಲ್ಕದ ಹಣ ಕಡಿಮೆ ಮಾಡಬೇಡಿ. ಅದರ ಹೊರತಾಗಿ ಒಂದು ಸಣ್ಣ ಪಾಲನ್ನು ಉಪಕರಣಗಳಿಗೆ ಇಡಿ: ಎರಡು ಡಿಶ್ ಕಾರ್ಡ್, ಒಂದು ಒಳ್ಳೆಯ ನೆಟ್‌ವರ್ಕ್ ಸ್ವಿಚ್, ನಾಲ್ಕು ಹಳೆಯ ಕಂಪ್ಯೂಟರ್, ಎರಡು ಐಪಿ ಕ್ಯಾಮೆರಾ. ವಿಚಾರಿಸಿದ ದರಪಟ್ಟಿಯನ್ನು ಟ್ರಸ್ಟಿಗೆ ಕೊಟ್ಟಿದ್ದೇನೆ. ಝಕಾತ್ ಹಣ ಅರ್ಹ ವಿದ್ಯಾರ್ಥಿಯ ಕೈಗೇ ಹೋಗಲಿ. ಉಪಕರಣಗಳಿಗೆ ಯಾವ ಬಾಬಿನಿಂದ ತೆಗೆಯಬಹುದು ಎಂಬುದನ್ನು ಉಲಮಾಗಳನ್ನು ಕೇಳಿ ಪದಾಧಿಕಾರಿಗಳೇ ತೀರ್ಮಾನಿಸಲಿ, ಅದು ನನ್ನ ವಿಷಯವಲ್ಲ.

ಪಾಲಕರೆ, ಪ್ರವೇಶಕ್ಕೆ ಹೋದಾಗ ಕಟ್ಟಡ ನೋಡಿ ಬರಬೇಡಿ. ಪ್ರಯೋಗಾಲಯದ ಬಾಗಿಲು ತೆರೆಸಿ. ಅಲ್ಲಿರುವ ಯಂತ್ರವನ್ನು ಮಕ್ಕಳು ಕೊನೆಯ ಸಲ ಮುಟ್ಟಿದ್ದು ಯಾವಾಗ, ಕೊನೆಯ ಸೆಮಿಸ್ಟರ್ ತರಬೇತಿಗೆ ಎಲ್ಲಿಗೆ ಕಳಿಸುತ್ತೀರಿ ಎಂದು ಕೇಳಿ. ಪಿಯುಸಿ ವಿಜ್ಞಾನ ಅಥವಾ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಲು ಅವಕಾಶವಿದೆ, ಒಂದು ವರ್ಷದ ಖರ್ಚು ಉಳಿಯುತ್ತದೆ. ಟ್ರಸ್ಟಿನ ಅರ್ಜಿ ಹಾಕಿದ್ದೇವೆಂದು ಸರ್ಕಾರದ ವಿದ್ಯಾರ್ಥಿವೇತನ ಬಿಡಬೇಡಿ. ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಈಗಲೇ ಸರಿಮಾಡಿಕೊಳ್ಳಿ.

ಮಸ್ಕಿಯ ಆ ಹುಡುಗಿ ಆಮೇಲೆ ನೆಟ್‌ವರ್ಕ್ ಪಾಠವನ್ನು ತಾನೇ ಕಲಿತು ಕೆಲಸಕ್ಕೆ ಸೇರಿದಳು. ರಜೆಗೆ ಬಂದಾಗ ನಮ್ಮ ಪ್ರಯೋಗಾಲಯದಲ್ಲಿ ಒಂದು ದಿನ ಪಾಠ ಮಾಡುತ್ತೇನೆ ಎಂದಿದ್ದಾಳೆ. ನಾನು ಹಿಂದಿನ ಬೆಂಚಿನಲ್ಲಿ ಕೂರುವವನಿದ್ದೇನೆ. ಲಿಂಗಸುಗೂರಿನ ಅಣ್ಣಾವ್ರೆ, ಆ ದಿನ ನಿಮ್ಮ ಮಗಳನ್ನು ತಪ್ಪದೆ ಕಳಿಸಿರಿ.