ಅಣುಶಕ್ತಿಯ ಲಾಭ ಮತ್ತು ಅಪಾಯ: ಕೈಗಾದ ಅನುಭವ

ಕರ್ನಾಟಕದ ಏಕೈಕ ಅಣುವಿದ್ಯುತ್ ಸ್ಥಾವರವಾದ ಕೈಗಾ, ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನ ದಟ್ಟ ಕಾಡಿನಲ್ಲಿ, ಕಾಳಿ ನದಿಯ ದಡದಲ್ಲಿದೆ. ತಲಾ 220 ಮೆಗಾವಾಟ್ ಸಾಮರ್ಥ್ಯದ ಅದರ ನಾಲ್ಕು ಘಟಕಗಳಲ್ಲಿ ಮೊದಲೆರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆಗೆ ತೊಡಗಿದವು. ಅಣುಶಕ್ತಿಯ ಗುಣದೋಷಗಳನ್ನು ಅರಿಯಲು ಕರಾವಳಿಯ ಜನ ಚೆರ್ನೋಬಿಲ್‌ವರೆಗೆ ಹೋಗಬೇಕಾಗಿಲ್ಲ. ಕೈಗಾದ ಚರಿತ್ರೆಯಲ್ಲೇ ಎರಡಕ್ಕೂ ಸಾಕ್ಷ್ಯವಿದೆ.

ಯುರೇನಿಯಂ ಪರಮಾಣುವಿನ ಬೀಜಕ್ಕೆ ನ್ಯೂಟ್ರಾನ್ ಎಂಬ ಕಣ ತಾಗಿದಾಗ ಅದು ಒಡೆದು ಅಪಾರ ಶಾಖವನ್ನೂ ಮತ್ತೆರಡು ಮೂರು ನ್ಯೂಟ್ರಾನುಗಳನ್ನೂ ಹೊರಚೆಲ್ಲುತ್ತದೆ. ಈ ಒಡೆಯುವಿಕೆಯೇ ವಿದಳನ. ಹೀಗೆ ಒಡೆಯಬಲ್ಲ ಯುರೇನಿಯಂ-235 ನಿಸರ್ಗದ ಯುರೇನಿಯಂನಲ್ಲಿ ಶೇಕಡ 0.7ರಷ್ಟು ಮಾತ್ರ ಇರುವುದರಿಂದ, ನಿಸರ್ಗದ ಯುರೇನಿಯಂನ್ನೇ ಉರಿಸುವ ಕೈಗಾದ ರಿಯಾಕ್ಟರುಗಳಲ್ಲಿ ನ್ಯೂಟ್ರಾನುಗಳ ವೇಗ ತಗ್ಗಿಸಿ ವಿದಳನವನ್ನು ಸುಲಭಗೊಳಿಸಲು ಭಾರಜಲವನ್ನು, ಅಂದರೆ ಸಾಮಾನ್ಯ ಜಲಜನಕದ ಬದಲು ಅದರ ಭಾರವಾದ ರೂಪವುಳ್ಳ ನೀರನ್ನು ಬಳಸುತ್ತಾರೆ. ಈ ಬಗೆಯ ರಿಯಾಕ್ಟರಿಗೆ ಅದು ನಡೆಯುತ್ತಿರುವಾಗಲೇ ಇಂಧನ ತುಂಬಬಹುದು. ಒಂದನೆಯ ಘಟಕವು 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಆಗಿನ ವಿಶ್ವದಾಖಲೆ ಸ್ಥಾಪಿಸಿದ್ದಕ್ಕೆ ಈ ಸೌಕರ್ಯ ನೆರವಾಯಿತು.

ಒಂದು ಕಿಲೋ ಯುರೇನಿಯಂ ಹತ್ತಾರು ಟನ್ ಕಲ್ಲಿದ್ದಲಿನ ಕೆಲಸ ಮಾಡುತ್ತದೆ, ಅದೂ ಹೊಗೆಯಿಲ್ಲದೆ. ಆಮದು ಕಲ್ಲಿದ್ದಲಿನಿಂದ ನಡೆಯುವ, ಪಡುಬಿದ್ರಿ ಸಮೀಪದ ಎಲ್ಲೂರಿನ 1200 ಮೆಗಾವಾಟ್ ಸ್ಥಾವರದ ಹಾರುಬೂದಿಯ ಬಗ್ಗೆ ಸುತ್ತಲಿನ ಕೃಷಿಕರು ಹೇಳುತ್ತ ಬಂದಿರುವ ದೂರನ್ನು ಬಲ್ಲವರಿಗೆ ಇದು ಸಣ್ಣ ಲಾಭವಾಗಿ ಕಾಣಲಾರದು. ವಿಕಿರಣವೆಂದರೆ ಸ್ಥಾವರದಿಂದಲೇ ಹುಟ್ಟುವಂಥದ್ದು ಎಂದು ಭಾವಿಸುವುದೂ ಸರಿಯಲ್ಲ. ಉಳ್ಳಾಲದ ಕಡಲತೀರದ ಮರಳಿನಲ್ಲಿ ಥೋರಿಯಂ ಇರುವ ಮೊನಜೈಟ್ ಖನಿಜ ಸೇರಿಕೊಂಡಿರುವುದರಿಂದ ಅಲ್ಲಿ ಕೆಲವೆಡೆ ನೈಸರ್ಗಿಕ ವಿಕಿರಣವೇ ಹೆಚ್ಚಾಗಿದ್ದು, ಮಂಗಳೂರು ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಉಳ್ಳಾಲದಲ್ಲೂ ಕೈಗಾದ ಪರಿಸರದಲ್ಲೂ ಅದನ್ನು ಅಳೆದಿದ್ದಾರೆ.

ಆದರೆ ಅಪಾಯವು ಕಲ್ಪನೆಯಲ್ಲ. 1994ರ ಮೇ ತಿಂಗಳಲ್ಲಿ ಕೈಗಾದಲ್ಲಿ, ವಿಕಿರಣ ಹೊರಬಾರದಂತೆ ತಡೆಯಬೇಕಾದ ರಕ್ಷಾಗುಮ್ಮಟದ ಕಾಂಕ್ರೀಟಿನ ಒಳಪದರವು ನಿರ್ಮಾಣದ ಹಂತದಲ್ಲೇ ಕಳಚಿ ಬಿತ್ತು. ಒಳಗೆ ಇಂಧನವಿರಲಿಲ್ಲ ಎಂಬುದೊಂದೇ ಸಮಾಧಾನ. ಗುಮ್ಮಟದ ವಿನ್ಯಾಸವನ್ನು ಬದಲಿಸಿ ಮತ್ತೆ ಕಟ್ಟಬೇಕಾಯಿತು. 2009ರ ನವೆಂಬರಿನಲ್ಲಿ, ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕ ಬೆರೆತ ಭಾರಜಲವನ್ನು ಯಾರೋ ಒಳಗಿನವರೇ ಕುಡಿಯುವ ನೀರಿನ ಕೂಲರಿಗೆ ಸೇರಿಸಿದ್ದರಿಂದ ಐವತ್ತಕ್ಕೂ ಹೆಚ್ಚು ನೌಕರರ ದೇಹದಲ್ಲಿ ಅದು ಪತ್ತೆಯಾಯಿತು. ಯಂತ್ರ ಕೆಡದೆಯೂ ಮನುಷ್ಯ ಕೆಡಬಹುದೆಂಬ ಸಾಧ್ಯತೆಯನ್ನು ಯಾವ ಗುಮ್ಮಟವೂ ತಡೆಯಲಾರದು.

ಇದಕ್ಕಿಂತ ಗಹನವಾದದ್ದು ಉಳಿಕೆ ಶಾಖದ ಪ್ರಶ್ನೆ. ರಿಯಾಕ್ಟರನ್ನು ನಿಲ್ಲಿಸಿದ ಮೇಲೂ ವಿದಳನದಿಂದ ಹುಟ್ಟಿದ ವಸ್ತುಗಳು ಕ್ಷಯಿಸುತ್ತ ಬಿಸಿಯನ್ನು ಹೊರಸೂಸುವುದರಿಂದ ಅದಕ್ಕೆ ದೀರ್ಘಕಾಲ ತಂಪು ನೀರು ಹರಿಯುತ್ತಲೇ ಇರಬೇಕು. 2011ರ ಮಾರ್ಚಿನಲ್ಲಿ ಸುನಾಮಿಯಿಂದ ವಿದ್ಯುತ್ ಕಡಿದು ಫುಕುಶಿಮಾದಲ್ಲಿ ತಪ್ಪಿಹೋದದ್ದು ಇದೇ. ಕೈಗಾಕ್ಕೆ ನೀರು ಕದ್ರಾ ಜಲಾಶಯದಿಂದ ಬರುತ್ತದೆ, ಅದರ ಮೇಲ್ಭಾಗದಲ್ಲಿ ಕೊಡಸಳ್ಳಿ ಮತ್ತು ಸೂಪಾ ಅಣೆಕಟ್ಟುಗಳಿವೆ. ಆದುದರಿಂದ ಘಟ್ಟದ ಮಳೆ, ಭೂಕುಸಿತ, ಅಣೆಕಟ್ಟುಗಳ ಸುಸ್ಥಿತಿ ಇವೆಲ್ಲವೂ ಸ್ಥಾವರದ ಸುರಕ್ಷತೆಯ ಭಾಗವೇ ಆಗುತ್ತವೆ. ಶಾಖದ ಜೊತೆಗೆ ತ್ಯಾಜ್ಯದ ಪ್ರಶ್ನೆಯೂ ಇದೆ: ಬಳಸಿದ ಇಂಧನದಲ್ಲಿರುವ ಪ್ಲುಟೋನಿಯಂ-239ರ ಅರ್ಧಾಯುವು, ಎಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲವು, ಸುಮಾರು 24,000 ವರ್ಷ.

ಕೋಟ ಶಿವರಾಮ ಕಾರಂತರು ಈ ಯೋಜನೆಯನ್ನು ವಿರೋಧಿಸಿ, ಇಳಿವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತು ಸೋತರು. ಸ್ಥಾವರ ಬಂದೇ ಬಂದಿತು. ಅದು ನೀಡಿದ ವಿದ್ಯುತ್ತನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಇಂಥ ಪ್ರಶ್ನೆ ಕೇಳಿದವರನ್ನು ಪ್ರಗತಿಯ ವೈರಿಗಳೆಂದು ಕರೆಯುವುದು ಇನ್ನೂ ದೊಡ್ಡ ಅನ್ಯಾಯ. ತಲಾ 700 ಮೆಗಾವಾಟಿನ ಐದು ಮತ್ತು ಆರನೆಯ ಘಟಕಗಳಿಗೆ 2019ರಲ್ಲಿ ಪರಿಸರ ಅನುಮತಿ ದೊರೆತಿದೆ. ಅವು ಕೆಲಸ ಆರಂಭಿಸುವುದಕ್ಕೆ ಮೊದಲೇ ಕಾಳಿಯ ನೀರು, ಮೀನು, ಮಣ್ಣು, ಹಾಲುಗಳ ವಿಕಿರಣಮಾಪನವನ್ನು ಸ್ವತಂತ್ರ ವಿಜ್ಞಾನಿಗಳಿಂದ ಮಾಡಿಸಿ, ಫಲಿತಾಂಶವನ್ನು ಕನ್ನಡದಲ್ಲಿ, ಸ್ಥಾವರದ ಸಮೀಪದ ಕದ್ರಾ ಮತ್ತು ಮಲ್ಲಾಪುರದ ಜನರಿಗೆ ಅರ್ಥವಾಗುವಂತೆ, ನಿಯಮಿತವಾಗಿ ಪ್ರಕಟಿಸುವ ವ್ಯವಸ್ಥೆ ಆಗಬೇಕು. ಕರಾವಳಿಯ ನಾಗರಿಕರು ಇದನ್ನು ಒಗ್ಗಟ್ಟಿನಿಂದ ಕೇಳಬೇಕು.